ಕೆಂಪು ಶಾಯಿಯ ಷರಾ

ಸರ್ಜಾಪುರ
13 ಜೂನ್ 1982

ಚಿ. ಭಾಗ್ಯಳಿಗೆ ಅಪ್ಪನ ಆಶೀರ್ವಾದ. ನಾವಿಬ್ಬರೂ ಚೆನ್ನಾಗಿದ್ದೇವೆ, ಹಸುವೂ ಚೆನ್ನಾಗಿದೆ.

ನಿನ್ನ ಕಾಗದ ಬುಧವಾರ ಕೈಸೇರಿತು. ಎಂದಿನಂತೆ ಸಂಜೆ ಜಗುಲಿಯ ಮೇಲೆ ಕೂತು ನಿಮ್ಮಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಪಕ್ಕದ ಮನೆಯ ಸುಬ್ಬಲಕ್ಷ್ಮಮ್ಮನೂ ಮೊರ ಹಿಡಿದು ಬಂದು ಕೂತಳು. ನಿನ್ನ ಕಾಗದ ಬಂದ ದಿನ ಅವಳ ಅಕ್ಕಿಯಲ್ಲಿ ಎಲ್ಲಿಲ್ಲದ ಕಲ್ಲು ಹುಟ್ಟಿಕೊಳ್ಳುತ್ತದೆ. ನೀನು ಪೀಣ್ಯದ ಫ್ಯಾಕ್ಟರಿಯಲ್ಲಿ ಟ್ರಾನ್ಸ್‌ಫಾರ್ಮರಿಗೆ ತಾಮ್ರದ ತಂತಿ ಸುತ್ತುವ ಬಗೆಯನ್ನು ಬರೆದಿದ್ದೆಯಲ್ಲ, ಅದನ್ನು ಎರಡು ಸಲ ಓದಿಸಿದರು. "ಆ ತಂತಿ ಕೈ ಕುಯ್ಯಲ್ವಾ ಅಂತ ಕೇಳ್ರಿ ಮಗೂನ" ಅಂದಳು ನಿಮ್ಮಮ್ಮ. ಕೇಳಿದ್ದೇನೆ, ಉತ್ತರ ಬರೆ.

ಇನ್ನು ಮುಖ್ಯ ವಿಷಯ. ಕಳೆದ ಭಾನುವಾರ ವೆಂಕಟೇಶಪ್ಪ ಬಂದಿದ್ದ. ಅಕ್ಟೋಬರಿಗೆ ನಿನ್ನ ಆರು ತಿಂಗಳು ಮುಗಿದ ಮೇಲೆ ಕೆಲಸ ಕಾಯಂ ಆಗುತ್ತದಂತೆ. ಟೆಸ್ಟಿಂಗ್ ಆಫೀಸಿನಲ್ಲಿ ಇಂಗ್ಲಿಷಿನಲ್ಲಿ ರಿಪೋರ್ಟು ಬರೆಯುವ ಜಾಗವೊಂದು ಖಾಲಿ ಬೀಳಲಿದೆಯಂತೆ. ಕುರ್ಚಿ, ಮೇಜು, ಫ್ಯಾನು ಇರುವ ಕೆಲಸ. "ಮೇಷ್ಟ್ರೇ, ಭಾಗ್ಯನ ಇಂಗ್ಲಿಷ್ ನೀವು ತಿದ್ದಿಕೊಡಿ. ಮಿಕ್ಕಿದ್ದು ನನಗೆ ಬಿಡಿ" ಅಂದ. ಅಪ್ಪ ಅಮ್ಮ ಇಲ್ಲದ ಹುಡುಗ ನಮ್ಮ ಅಡುಗೆಮನೆಯಲ್ಲಿ ಮುದ್ದೆ ಉಂಡು, ನಮ್ಮ ಲಾಟೀನಿನಲ್ಲಿ ಓದಿ, ಇವತ್ತು ನಿಮ್ಮ ಫ್ಯಾಕ್ಟರಿಯಲ್ಲೇ ಐವತ್ತು ಜನರ ಮೇಲೆ ಸೂಪರ್‌ವೈಸರ್ ಆಗಿದ್ದಾನೆ. ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ನಾನು ಒಂದಾದರೂ ಸರಿಯಾದ ಕೆಲಸ ಮಾಡಿದ್ದರೆ ಅದು ಅವನು. ನೀನು ಅವನನ್ನು ಮೊದಲಿನ ಹಾಗೆ ಅಣ್ಣ ಎಂದೇ ಕರೆಯುತ್ತೀಯ ತಾನೆ?

ಈ ಸಲದ ಪಾಠ 'ಪುಟ್ ಅಪ್ ವಿತ್'. ಇಂಗ್ಲಿಷರ ಕಿತಾಪತಿ ನೋಡು. ಪುಟ್ ಎಂದರೆ ಇಡು, ಅಪ್ ಎಂದರೆ ಮೇಲೆ, ವಿತ್ ಎಂದರೆ ಜೊತೆ. ಮೂರೂ ಎಲ್.ಕೆ.ಜಿ. ಮಗುವಿಗೂ ಗೊತ್ತು. ಸೇರಿಸಿದರೆ ಮಾತ್ರ 'ಸಹಿಸಿಕೊಂಡು ಹೋಗು' ಎಂದಾಗುತ್ತದೆ. ಐದು ವಾಕ್ಯ ಬರೆ. ಪ್ರತಿಯೊಂದರ ಕೆಳಗೆ ಕನ್ನಡದ ಅರ್ಥ ಇರಲಿ, ಅರ್ಥ ಗೊತ್ತಿಲ್ಲದೆ ಬರೆಯುವುದು ಗಿಳಿಪಾಠ. ಹಾಳೆಯ ಬಲಕ್ಕೆ ನನ್ನ ಕೆಂಪು ಶಾಯಿಗೆ ಜಾಗ ಬಿಡು. ಪುಸ್ತಕದಿಂದ ಕದಿಯಬೇಡ. ನಿನ್ನ ಸುತ್ತ ಇರುವುದನ್ನೇ ಬರೆ.

ನಿನ್ನ ಅಪ್ಪ,
ಶ್ಯಾಮಣ್ಣ

—

ರಾಜಗೋಪಾಲನಗರ
4 ಜುಲೈ 1982

ಅಪ್ಪನಿಗೆ, ಅಮ್ಮನಿಗೆ ಭಾಗ್ಯಳ ನಮಸ್ಕಾರ. ಮೊರ ಹಿಡಿದು ಕೂತಿರುವ ಸುಬ್ಬಲಕ್ಷ್ಮಮ್ಮತ್ತೆಗೂ ನಮಸ್ಕಾರ.

ಅಮ್ಮ, ತಂತಿ ಕೈ ಕುಯ್ಯುತ್ತದೆ. ಮೊದಲ ತಿಂಗಳು ಬೆರಳಿಗೆ ಬಟ್ಟೆ ಸುತ್ತಿಕೊಂಡು ಕೂರುತ್ತಿದ್ದೆ. ಈಗ ಬೆರಳ ತುದಿ ನಿನ್ನ ಹಿಮ್ಮಡಿಯಷ್ಟೇ ಗಟ್ಟಿಯಾಗಿದೆ, ಹೆದರಬೇಡ. ನಾವು ಹದಿನಾರು ಜನ ಹೆಂಗಸರು ಸಾಲಾಗಿ ಸ್ಟೂಲಿನ ಮೇಲೆ ಕೂತು ಸುತ್ತುತ್ತೇವೆ. ಎಷ್ಟು ಸುತ್ತಾಯಿತೆಂದು ಮಿಷನ್ನಿನ ಮೇಲಿನ ಮೀಟರು ತೋರಿಸುತ್ತದೆ. ಒಂದು ಸುತ್ತು ತಪ್ಪಿದರೂ ಇಡೀ ಕಾಯಿಲ್ ಬಿಚ್ಚಬೇಕು. ನನ್ನ ಪಕ್ಕದ ಸ್ಟೂಲಿನವಳ ಹೆಸರು ಅಂಜಿನಮ್ಮ, ಇದೇ ರಾಜಗೋಪಾಲನಗರದವಳು, ನಾನಿರುವ ವಠಾರದ ಎದುರಿನ ಸಾಲಿನಲ್ಲಿ ಅವಳ ಮನೆ. ಗಂಡ ಇಲ್ಲ, ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಬುತ್ತಿಯಲ್ಲಿ ದಿನಾ ಹುರುಳಿಕಾಳಿನ ಸಾರು ತರುತ್ತಾಳೆ, ಅರ್ಧ ನನಗೆ ಹಾಕುತ್ತಾಳೆ. "ತಿನ್ನೇ, ಕಾಯಿಲ್ ಜೊತೆ ನೀನೂ ಸಣ್ಣ ತಂತಿ ಆಗೋಗ್ತೀಯ" ಅನ್ನುತ್ತಾಳೆ.

ಅಪ್ಪ, ಅಭ್ಯಾಸದ ಹಾಳೆಯನ್ನು ಬೇರೆಯಾಗಿ ಮಡಿಸಿ ಇಟ್ಟಿದ್ದೇನೆ. ಜಗುಲಿಯ ಮೇಲೆ ಬಿಚ್ಚಬೇಡಿ, ನನ್ನ ತಪ್ಪುಗಳನ್ನು ನೀವೊಬ್ಬರೇ ನೋಡಿದರೆ ಸಾಕು.

ನಿಮ್ಮ ಮಗಳು,
ಭಾಗ್ಯ

ಅಭ್ಯಾಸ: ಪುಟ್ ಅಪ್ ವಿತ್

ಒಂದು. ವಿ ಪುಟ್ ಅಪ್ ವಿತ್ ದ ಸ್ಮೆಲ್ ಆಫ್ ವಾರ್ನಿಷ್. ವಾರ್ನಿಷ್ ವಾಸನೆಯನ್ನು ಸಹಿಸಿಕೊಳ್ಳುತ್ತೇವೆ.
ಎರಡು. ವಿ ಪುಟ್ ಅಪ್ ದ ಡಸ್ಟ್ ಆಫ್ ಪೀಣ್ಯ. ಪೀಣ್ಯದ ಧೂಳನ್ನು ಸಹಿಸಿಕೊಳ್ಳುತ್ತೇವೆ.
ಮೂರು. ಐ ಪುಟ್ ಅಪ್ ವಿತ್ ದ ನಾಯ್ಸ್. ಮಿಷನ್ನಿನ ಗದ್ದಲವನ್ನು ಸಹಿಸಿಕೊಳ್ಳುತ್ತೇನೆ.
ನಾಲ್ಕು. ದ ಸೂಪರ್‌ವೈಸರ್ ಸ್ಟ್ಯಾಂಡ್ಸ್ ಬಿಹೈಂಡ್ ಮೈ ಸ್ಟೂಲ್. ಐ ಪುಟ್ ಅಪ್ ವಿತ್ ಇಟ್. ಸೂಪರ್‌ವೈಸರ್ ನನ್ನ ಸ್ಟೂಲಿನ ಹಿಂದೆಯೇ ನಿಂತಿರುತ್ತಾರೆ. ಸಹಿಸಿಕೊಳ್ಳುತ್ತೇನೆ.
ಐದು. ವಿಮೆನ್ ಪುಟ್ ಅಪ್ ವಿತ್ ಮೆನಿ ಥಿಂಗ್ಸ್. ಹೆಂಗಸರು ಎಷ್ಟೋ ಸಹಿಸಿಕೊಳ್ಳುತ್ತಾರೆ.

—

ಸರ್ಜಾಪುರ
14 ಜುಲೈ 1982

ಚಿ. ಭಾಗ್ಯಳಿಗೆ ಅಪ್ಪನ ಆಶೀರ್ವಾದ.

ನಿನ್ನ ಹಾಳೆಯನ್ನು ತಿದ್ದಿ ವಾಪಸು ಕಳಿಸಿದ್ದೇನೆ. ಹತ್ತಕ್ಕೆ ಆರೂವರೆ. ಎರಡನೆಯದರಲ್ಲಿ 'ವಿತ್' ಅನ್ನು ನುಂಗಿ ನೀರು ಕುಡಿದಿದ್ದೀಯ. ಅದಿಲ್ಲದಿದ್ದರೆ ನೀವೆಲ್ಲ ಸೇರಿ ಧೂಳನ್ನು ಎತ್ತಿ ಅಟ್ಟದ ಮೇಲೆ ಇಟ್ಟ ಹಾಗಾಗುತ್ತದೆ. ನಾಲ್ಕನೆಯದು ಎರಡು ವಾಕ್ಯ, ನಾನು ಕೇಳಿದ್ದು ಒಂದು. ಅಲ್ಲದೆ ಕೆಲಸದವರ ಹಿಂದೆ ನಿಲ್ಲುವುದು ಸೂಪರ್‌ವೈಸರನ ಕೆಲಸ, ಅದರಲ್ಲಿ ಸಹಿಸಿಕೊಳ್ಳುವುದೇನು ಬಂತು? ಉದಾಹರಣೆ ಬಲವಾಗಿರಬೇಕು. ಓದಿದವನಿಗೆ 'ಹೌದು, ಇದು ಕಷ್ಟವೇ' ಅನ್ನಿಸಬೇಕು. ಐದನೆಯದು ಪರವಾಗಿಲ್ಲ, ಆದರೆ ಗಾದೆಯ ಹಾಗಿದೆ.

ಇದೇ ಪಾಠಕ್ಕೆ ಇನ್ನೈದು ವಾಕ್ಯ ಬರೆ. ಬೇಸರ ಪಡಬೇಡ. ವೆಂಕಟೇಶಪ್ಪನಿಂದ ಒಂದೊಂದು ಪಾಠಕ್ಕೆ ಇಪ್ಪತ್ತು ವಾಕ್ಯ ಬರೆಸಿದ್ದೇನೆ, ಕೇಳಿ ನೋಡು.

ನಿಮ್ಮಮ್ಮ ನನ್ನ ಕೈಯಲ್ಲಿ ಹಾಳೆ ಕಂಡು, "ಅದ್ರಾಗೇನು ಬರ್ದವ್ಳೆ, ಅಷ್ಟೊಂದು ಕೆಂಪು ಮಾಡಿದ್ದೀರ?" ಅಂದಳು. ಪಾಠ ಕಣೇ, ನಿನಗೆ ಅರ್ಥವಾಗುವುದಿಲ್ಲ ಅಂದೆ. ಅವಳಿಗೆ ನಿನ್ನ ಹಿಮ್ಮಡಿ ಮಾತು ಬಹಳ ಹಿಡಿಸಿತು, ಬಂದವರಿಗೆಲ್ಲ ಕಾಲು ತೋರಿಸಿ ಹೇಳುತ್ತಿದ್ದಾಳೆ.

ನಿನ್ನ ಅಪ್ಪ,
ಶ್ಯಾಮಣ್ಣ

—

ರಾಜಗೋಪಾಲನಗರ
1 ಆಗಸ್ಟ್ 1982

ಅಪ್ಪ ಅಮ್ಮನಿಗೆ ಭಾಗ್ಯಳ ನಮಸ್ಕಾರ.

ಇಲ್ಲಿ ಎಲ್ಲ ಚೆನ್ನಾಗಿದೆ. ಮಳೆ ಬಂದರೆ ವಠಾರದ ಮುಂದೆ ಕೆಸರು, ನಿಂತರೆ ಧೂಳು, ಎರಡರ ನಡುವೆ ಅರ್ಧ ದಿನ ಚೆನ್ನಾಗಿರುತ್ತದೆ. ಅಂಜಿನಮ್ಮನ ಚಿಕ್ಕ ಮಗಳಿಗೆ ಅ ಆ ಇ ಈ ಹೇಳಿಕೊಡುತ್ತಿದ್ದೇನೆ. ನಾನೂ ಕೆಂಪು ಪೆನ್ಸಿಲ್ ಇಟ್ಟುಕೊಂಡಿದ್ದೇನೆ, ಅಪ್ಪನ ಮಗಳಲ್ಲವೆ.

ಗೌರಿ ಹಬ್ಬಕ್ಕೆ ಊರಿಗೆ ಬರಲೇ? ಹಬ್ಬ ಮುಗಿದ ಮೇಲೂ ನಾಲ್ಕು ದಿನ ಇರಬೇಕೆಂದಿದೆ. ಅಮ್ಮನ ಕೈಯ ಮುದ್ದೆ ತಿನ್ನಬೇಕು. ಬಾ ಎಂದು ಒಂದು ಮಾತು ಬರೆಯಿರಿ, ಸಾಕು. ಹಾಳೆ ಬೇರೆ ಇದೆ. ಅಪ್ಪ, ಉದಾಹರಣೆ ಬಲವಾಗಿರಬೇಕು ಅಂದಿದ್ದಿರಿ. ನಿಧಾನವಾಗಿ ಓದಿ.

ನಿಮ್ಮ ಮಗಳು,
ಭಾಗ್ಯ

ಅಭ್ಯಾಸ: ಪುಟ್ ಅಪ್ ವಿತ್

ಒಂದು. ಎ ಗರ್ಲ್ ಪುಟ್ಸ್ ಅಪ್ ವಿತ್ ಡರ್ಟಿ ವರ್ಡ್ಸ್ ಇನ್ ದ ಸ್ಟೋರ್ಸ್ ರೂಮ್. ತಂತಿಯ ಉರುಳೆ ಎಣಿಸಲು ಒಬ್ಬಳನ್ನೇ ಸ್ಟೋರ್ಸಿಗೆ ಕರೆದು ಆಡುವ ಹೊಲಸು ಮಾತನ್ನು ಒಬ್ಬ ಹುಡುಗಿ ಸಹಿಸಿಕೊಳ್ಳುತ್ತಾಳೆ.
ಎರಡು. ಶಿ ಕ್ಯಾನಾಟ್ ಪುಟ್ ಅಪ್ ವಿತ್ ಹಿಸ್ ಹ್ಯಾಂಡ್ಸ್. ಅವನು ಬಾಗಿಲು ಹಾಕಿ ಮೈಮೇಲೆ ಕೈ ಹಾಕುವುದನ್ನು ಅವಳು ಸಹಿಸಲಾರಳು.
ಮೂರು. ಮಸ್ಟ್ ಶಿ ಪುಟ್ ಅಪ್ ವಿತ್ ಎ ಮ್ಯಾನ್ ಹೂಮ್ ಶಿ ಕಾಲ್ಸ್ ಬ್ರದರ್? ಅಣ್ಣ ಎಂದು ಕರೆಸಿಕೊಳ್ಳುವವನನ್ನು ಅವಳು ಸಹಿಸಿಕೊಳ್ಳಲೇಬೇಕೆ?
ನಾಲ್ಕು. ಹರ್ ಫ್ರೆಂಡ್ ಪುಟ್ ಅಪ್ ವಿತ್ ಇಟ್ ಫಾರ್ ಟೂ ಇಯರ್ಸ್. ಅವಳ ಗೆಳತಿ ಮಕ್ಕಳ ಹೊಟ್ಟೆ ನೋಡಿಕೊಂಡು ಎರಡು ವರ್ಷ ಸಹಿಸಿಕೊಂಡಳು.
ಐದು. ಇಫ್ ಹರ್ ಫಾದರ್ ಸೇಸ್ ಕಮ್, ಶಿ ವಿಲ್ ನಾಟ್ ಪುಟ್ ಅಪ್ ವಿತ್ ಇಟ್ ಒನ್ ಮೋರ್ ಡೇ. ತಂದೆ ಬಾ ಎಂದರೆ ಅವಳು ಇನ್ನು ಒಂದು ದಿನವೂ ಸಹಿಸಿಕೊಳ್ಳುವುದಿಲ್ಲ.

—

ಸರ್ಜಾಪುರ
12 ಆಗಸ್ಟ್ 1982

ಚಿ. ಭಾಗ್ಯಳಿಗೆ ಅಪ್ಪನ ಆಶೀರ್ವಾದ.

ಹತ್ತಕ್ಕೆ ಹತ್ತು. ಈ ಸಲ ಒಂದು ಕಡೆಯೂ 'ವಿತ್' ಬಿಟ್ಟಿಲ್ಲ. ಮೂರನೆಯದರ ಪ್ರಶ್ನೆ ಸರಿಯಾಗಿದೆ. ಐದನೆಯದರಲ್ಲಿ 'ಇಫ್' ಹಾಕಿ ಅಷ್ಟು ಉದ್ದದ ವಾಕ್ಯವನ್ನು ಎಡವದೆ ದಡ ಸೇರಿಸಿದ್ದೀಯ. ಕೆಳಗೆ ಷರಾ ಬರೆದು ಸಹಿ ಮಾಡಿದ್ದೇನೆ: 'ಕಲ್ಪನಾಶಕ್ತಿ ಮೆಚ್ಚತಕ್ಕದ್ದು.' ಅದನ್ನೇ ಇಂಗ್ಲಿಷಿನಲ್ಲೂ ಬರೆದಿದ್ದೇನೆ. ನಾನು ಸುಲಭಕ್ಕೆ ಹಾಗೆ ಬರೆಯುವವನಲ್ಲ, ನಿನಗೆ ಗೊತ್ತು.

ಈ ಸಲ ಹಾಳೆಯನ್ನು ನಿನಗೆ ವಾಪಸು ಕಳಿಸುತ್ತಿಲ್ಲ. ಟೆಸ್ಟಿಂಗ್ ಆಫೀಸಿನ ಕೆಲಸಕ್ಕೆ ನಿನ್ನ ಬರವಣಿಗೆಯ ಮಾದರಿ ಬೇಕೆಂದು ವೆಂಕಟೇಶಪ್ಪ ಕೇಳಿದ್ದ. ಅವನಿಗೇ ಕಳಿಸುತ್ತೇನೆ. ಅವನೂ ಒಮ್ಮೆ ಓದಲಿ.

ಹಬ್ಬಕ್ಕೆ ಬರುವುದು ಬೇಡ. ಕಾಯಂ ಆಗುವ ಹೊತ್ತಿನಲ್ಲಿ ರಜೆ ಹಾಕಿದರೆ ಒಳ್ಳೆಯ ಹೆಸರು ಬರುವುದಿಲ್ಲ. ಇನ್ನೆರಡು ತಿಂಗಳು ತಾನೆ. ತಾಳಿದವನು ಬಾಳಿಯಾನು. ನಿಮ್ಮಮ್ಮ ಮೊರದ ತುಂಬ ಎಳ್ಳು ಹುರಿದಿಟ್ಟಿದ್ದಾಳೆ, ಯಾರಾದರೂ ಆ ಕಡೆ ಬಂದರೆ ಉಂಡೆ ಕಟ್ಟಿ ಕಳಿಸುತ್ತಾಳೆ.

ನಿನ್ನ ಅಪ್ಪ,
ಶ್ಯಾಮಣ್ಣ

—

ರಾಜಗೋಪಾಲನಗರ
17 ಆಗಸ್ಟ್ 1982

ಅಪ್ಪ,

ಈ ಕಾಗದವನ್ನು ಜಗುಲಿಯ ಮೇಲೆ ಓದಬೇಡಿ.

ಆ ಹಾಳೆಯನ್ನು ಅವರಿಗೆ ಕಳಿಸಬೇಡಿ. ನಿಮ್ಮ ಕಾಲಿಗೆ ಬೀಳುತ್ತೇನೆ. ಟೆಸ್ಟಿಂಗ್ ಆಫೀಸಿನ ಕೆಲಸ ನನಗೆ ಬೇಡ. ಕಳಿಸದೆ ಇದ್ದರೆ ಹರಿದು ಒಲೆಗೆ ಹಾಕಿಬಿಡಿ. ಒಲೆಗೆ ಹಾಕುವ ಮುಂಚೆ ಇನ್ನೊಂದು ಸಲ ಓದಿ, ಕೆಂಪು ಪೆನ್ನು ಕೈಯಲ್ಲಿ ಇಟ್ಟುಕೊಳ್ಳದೆ.

ಭಾಗ್ಯ

—

ಸರ್ಜಾಪುರ
23 ಆಗಸ್ಟ್ 1982

ಚಿ. ಭಾಗ್ಯಳಿಗೆ,

ನಿನ್ನ ಕಾಗದ ಬರುವುದರೊಳಗೆ ಹಾಳೆ ಹೋಗಿಯಾಗಿತ್ತು. ನಿನ್ನೆ ಗಣೇಶನ ಹಬ್ಬಕ್ಕೆ ವೆಂಕಟೇಶಪ್ಪನೂ ಬಂದಿದ್ದ. "ತಂಗಿ ಚೆನ್ನಾಗ್ ಬರ್ದಿದ್ದಾಳೆ ಮೇಷ್ಟ್ರೇ, ಹಾಳೆ ನನ್ ಹತ್ರಾನೇ ಇರ್ಲಿ" ಅಂದ. ನಾನು ಅವನ ಮುಖ ನೋಡುತ್ತಿದ್ದೆ. ಅವನು ಎಲೆ ನೋಡುತ್ತಿದ್ದ. ಎರಡನೇ ಕಡುಬು ಬೇಡ ಅಂದ. ನಿಮ್ಮಮ್ಮ ಬಲವಂತ ಮಾಡಿ ಬಡಿಸಿದಳು.

ಎಲ್ಲ ಸರಿಹೋಗುತ್ತದೆ. ಇನ್ನು ಸ್ವಲ್ಪ ದಿನ ಅಭ್ಯಾಸ ಬೇಡ. ನನಗೆ ಕಣ್ಣು ನೋಯುತ್ತಿದೆ.

ನಿನ್ನ ಅಪ್ಪ,
ಶ್ಯಾಮಣ್ಣ

—

ರಾಜಗೋಪಾಲನಗರ
7 ನವೆಂಬರ್ 1982

ಅಪ್ಪನಿಗೆ,

ಈ ಕಾಗದದ ಜೊತೆ ಬೇರೆ ಹಾಳೆ ಇಲ್ಲ. ಹೇಳಬೇಕಾದದ್ದನ್ನೆಲ್ಲ ಕನ್ನಡದಲ್ಲೇ ಬರೆದಿದ್ದೇನೆ. ಇದನ್ನು ಜಗುಲಿಯ ಮೇಲೆ ಕೂತು ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿ. ಒಂದು ಸಾಲೂ ಹಾರಿಸಬೇಡಿ. ಸುಬ್ಬಲಕ್ಷ್ಮಮ್ಮತ್ತೆ ಮೊರ ತಂದರೆ ತರಲಿ.

ಅಮ್ಮ, ವೆಂಕಟೇಶಣ್ಣ ಮೇ ತಿಂಗಳಿಂದಲೂ ನನ್ನನ್ನು ಸ್ಟೋರ್ಸಿಗೆ ಕರೆಯುತ್ತಿದ್ದ. ತಂತಿಯ ಉರುಳೆ ಎಣಿಸಬೇಕು ಬಾ ಅನ್ನುತ್ತಿದ್ದ. ಮೊದಲು ಮಾತು, ಆಮೇಲೆ ಕೈ. ನಮ್ಮ ಮನೆಯ ಮುದ್ದೆ ತಿಂದ ಅದೇ ಕೈ. ಅಂಜಿನಮ್ಮನಿಗೂ ಹೀಗೇ ಮಾಡುತ್ತಿದ್ದ. ನಾನು ಬಂದ ಮೇಲೆ ಅವಳನ್ನು ಬಿಟ್ಟ. "ನಿನ್ನಿಂದ ನಂಗೆ ಬಿಡುಗಡೆ ಆಯ್ತು ಅಂತ ಮೊದ್ಲು ಖುಷಿ ಪಟ್ಟೆ ಕಣೇ, ನನ್ ಬಾಯಿಗೆ ಮಣ್ಣಾಕ" ಎಂದು ಅವಳು ನನ್ನ ಮುಂದೆ ಅತ್ತಳು. "ನಿಮ್ಮಪ್ಪ ಮೇಷ್ಟ್ರು, ಅವನಿಗೆ ಅನ್ನ ಹಾಕಿದೋರು. ಅವರಿಗೆ ಒಂದ್ ಕಾಗ್ದ ಬರಿ, ಸಾಕು" ಎಂದು ಹೇಳಿದವಳೂ ಅವಳೇ.

ಕನ್ನಡದಲ್ಲಿ ಬರೆದರೆ ಅಪ್ಪ ಜಗುಲಿಯ ಮೇಲೆ ಓದುತ್ತಾರೆ, ಊರು ಕೇಳಿಸಿಕೊಳ್ಳುತ್ತದೆ. ಅದಕ್ಕೇ ಪಾಠದ ಹಾಳೆಯಲ್ಲಿ ಬರೆದೆ. ಅಪ್ಪ ಹತ್ತಕ್ಕೆ ಹತ್ತು ಕೊಟ್ಟರು. ಈ ಜನ್ಮದಲ್ಲಿ ಅಪ್ಪನಿಂದ ನಾನು ತೆಗೆದುಕೊಂಡ ಹತ್ತಕ್ಕೆ ಹತ್ತು ಅದೊಂದೇ.

ಹಾಳೆ ಅವನ ಕೈಸೇರಿದ ಮೇಲೆ ಹದಿನೈದು ದಿನ ನನ್ನ ತಂಟೆಗೆ ಬರಲಿಲ್ಲ. ನಾನೂ ಅಂಜಿನಮ್ಮನೂ ಗುಟ್ಟಾಗಿ ಖುಷಿಪಟ್ಟೆವು. ಅವನು ಅಷ್ಟು ದಿನವೂ ಊರಿನಿಂದ ಏನಾದರೂ ಬರುತ್ತದೆಯೇ ಎಂದು ಕಾದಿದ್ದ ಅಂತ ಕಾಣುತ್ತದೆ. ನೀವು ಬರಲಿಲ್ಲ, ಕಾಗದವೂ ಬರಲಿಲ್ಲ. ಕರೆದು ಕಡುಬು ಬಡಿಸಿದಿರಿ. ಆಮೇಲೆ ಅವನಿಗೆ ಧೈರ್ಯ ಬಂತು. "ಮೇಷ್ಟ್ರ ಮಗಳು ಸಕ್ಕತ್ತಾಗಿ ಕಥೆ ಬರೀತಾಳೆ ಕಣ್ರಮ್ಮಾ" ಎಂದು ಹದಿನಾರು ಜನರ ಮುಂದೆ ನಗಾಡಿದ. ಅಕ್ಟೋಬರ್ ನಾಲ್ಕನೇ ತಾರೀಕು ಮತ್ತೆ ಸ್ಟೋರ್ಸಿನ ಬಾಗಿಲು ಹಾಕಿದ. ನಾನು ಉರುಳೆಯಿಂದ ಅವನ ಮೊಣಕೈಗೆ ಹೊಡೆದು ಹೊರಗೆ ಬಂದೆ. ಬಳೆ ಒಡೆದು ಕೈಯೆಲ್ಲ ರಕ್ತವಾಗಿತ್ತು. ಅದೇ ಕೈಯಲ್ಲಿ ಮ್ಯಾನೇಜರ ಬಾಗಿಲು ತಟ್ಟಿದೆ. ಅಂಜಿನಮ್ಮನೂ ಮಿಷನ್ ನಿಲ್ಲಿಸಿ ನನ್ನ ಹಿಂದೆ ಬಂದಳು. ಅವಳು ಬರಬೇಕಾಗಿರಲಿಲ್ಲ.

ವಿಚಾರಣೆ ಆಯಿತು. ನಾನು ಹೇಳಿದೆ, ಅಂಜಿನಮ್ಮ ಹೇಳಿದಳು. ಮ್ಯಾನೇಜರು ತಲೆಯಾಡಿಸುತ್ತ ಬರೆದುಕೊಳ್ಳುತ್ತಿದ್ದರು. ಆಗ ವೆಂಕಟೇಶಣ್ಣ ಜೇಬಿನಿಂದ ಒಂದು ಹಾಳೆ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟ. ನನ್ನ ನೀಲಿ ಶಾಯಿ, ನಿಮ್ಮ ಕೆಂಪು ಶಾಯಿ. "ಸಾರ್, ಈ ಹುಡುಗೀಗೆ ಕಥೆ ಕಟ್ಟೋ ಚಾಳಿ ಮೊದಲಿಂದಾನೂ ಇದೆ. ನೋಡಿ, ಆಗಸ್ಟಲ್ಲೇ ಬರ್ದಿದ್ದಾಳೆ. ಇವರಪ್ಪ ನನ್ನ ಗುರುಗಳು, ಅವರೇ ತಿದ್ದಿ ನನಗೆ ಕಳಿಸಿದ್ರು. ನಿಜ ಅಂತ ಅವರಿಗೆ ಅನ್ನಿಸಿದ್ರೆ ನನಗೆ ಕಳಿಸ್ತಿದ್ರಾ ಸಾರ್?" ಅಂದ.

ಮ್ಯಾನೇಜರು ಐದೂ ವಾಕ್ಯ ಓದಿದರು. ಕೊನೆಗೆ ಕೆಳಗಿನ ಷರಾದ ಮೇಲೆ ಬೆರಳಿಟ್ಟು, "ಇದು ಯಾರ ಅಕ್ಷರ?" ಎಂದು ಕೇಳಿದರು.

"ನಮ್ಮಪ್ಪನದು."

"ನಿಮ್ಮಪ್ಪಾನೇ ಇದು ಕಲ್ಪನೆ ಅಂತ ಸಹಿ ಮಾಡಿದ್ದಾರಲ್ಲಮ್ಮ. ಅವರಿಗಿಂತ ನಮಗೆ ಜಾಸ್ತಿ ಗೊತ್ತಾ?"

ನನಗೆ ಇಂಗ್ಲಿಷೂ ಬರಲಿಲ್ಲ, ಕನ್ನಡವೂ ಬರಲಿಲ್ಲ. ಕೈಗೆ ಕಟ್ಟಿದ್ದ ಬಟ್ಟೆಯನ್ನು ನೋಡುತ್ತ ನಿಂತೆ. ತಿಂಗಳ ಕೊನೆಗೆ ಆರು ತಿಂಗಳು ಮುಗಿಯಿತು, ನನ್ನ ಕೆಲಸ ತೃಪ್ತಿಕರವಾಗಿಲ್ಲ ಎಂದು ಒಂದು ಚೀಟಿ ಕೊಟ್ಟು ಗೇಟಿನಿಂದ ಆಚೆ ಕಳಿಸಿದರು. ಅಂಜಿನಮ್ಮನನ್ನು ವಾರ್ನಿಷ್ ತೊಟ್ಟಿಯ ಹತ್ತಿರ ಹಾಕಿದ್ದಾರೆ. ಅವಳ ಕಣ್ಣು ಸಂಜೆಗೆ ಕೆಂಡವಾಗಿರುತ್ತದೆ. ಟೆಸ್ಟಿಂಗ್ ಆಫೀಸಿನ ಮೇಜಿಗೆ ಹೊಸದಾಗಿ ಒಬ್ಬ ಹುಡುಗಿ ಬಂದಿದ್ದಾಳಂತೆ. ಹೊಸಕೋಟೆ ಕಡೆಯವಳು, ಹತ್ತೊಂಬತ್ತು ವರ್ಷ. ಅವಳೂ ಅವನನ್ನು ಅಣ್ಣ ಎಂದೇ ಕರೆಯುತ್ತಾಳಂತೆ.

ನಾನು ಪೀಣ್ಯದ ಎರಡನೇ ಹಂತದಲ್ಲಿ ಒಂದು ರಟ್ಟಿನ ಡಬ್ಬ ಮಾಡುವ ಶೆಡ್ಡಿಗೆ ಸೇರಿದ್ದೇನೆ. ಡಬ್ಬ ಮಡಿಸಿ ಅಂಟು ಹಚ್ಚುವ ಕೆಲಸ. ಇಲ್ಲಿ ಯಾರಿಗೂ ಇಂಗ್ಲಿಷ್ ಬೇಕಿಲ್ಲ. ಊರಿಗೆ ಬರುವುದಿಲ್ಲ. ಬಾ ಅನ್ನುವ ಮಾತು ಬೇಕಾಗಿದ್ದದ್ದು ಆಗಸ್ಟಿನಲ್ಲಿ.

ಅಪ್ಪ, ನಿಮ್ಮ ಮೇಲೆ ನನಗೆ ಸಿಟ್ಟಿತ್ತು. ಮೂರು ವಾರ ಕೆಂಡದ ಮೇಲೆ ಕೂತ ಹಾಗೆ ಕೂತಿದ್ದೆ. ಆಮೇಲೆ ಯೋಚನೆ ಮಾಡಿದೆ. ನೀವು ಇಪ್ಪತ್ತಾರು ವರ್ಷ ಹಾಳೆಗಳನ್ನು ಓದಿದ್ದೇ ತಪ್ಪು ಹುಡುಕುವುದಕ್ಕೆ. ನಿಮ್ಮ ಕಣ್ಣಿಗೆ 'ವಿತ್' ಕಾಣುತ್ತದೆ, ಮಗಳು ಕಾಣುವುದಿಲ್ಲ. ನಾನು ಬರೆದದ್ದು ನಿಮಗೆ ಅರ್ಥವಾಗಲಿಲ್ಲ, ಅಷ್ಟೆ. ಅರ್ಥವಾಗದೆ ಮಾಡಿದ್ದಕ್ಕೆ ಯಾರನ್ನೂ ದೂರಬಾರದು ಎಂದು ಅಂಜಿನಮ್ಮ ಹೇಳುತ್ತಾಳೆ. ಆ ಒಂದು ಮಾತನ್ನು ಹಿಡಿದುಕೊಂಡೇ ನಾನು ನಿಮಗೆ ಈ ಕಾಗದ ಬರೆಯಲು ಕೂತದ್ದು, ಇಲ್ಲದಿದ್ದರೆ ಬರೆಯುತ್ತಿರಲಿಲ್ಲ.

ಅಮ್ಮ, ನನ್ನ ಕೈ ವಾಸಿಯಾಗಿದೆ. ಅಂಟು ತಂತಿಯ ಹಾಗೆ ಕುಯ್ಯುವುದಿಲ್ಲ.

ಭಾಗ್ಯ

—

ಸರ್ಜಾಪುರ
14 ನವೆಂಬರ್ 1982

ಭಾಗ್ಯ,

ನೀನು ಹೇಳಿದ ಹಾಗೆಯೇ ಓದಿದೆ. ಜಗುಲಿಯ ಮೇಲೆ, ಗಟ್ಟಿಯಾಗಿ, ಒಂದು ಸಾಲೂ ಹಾರಿಸದೆ. ಮುದ್ದೆ ತಿಂದ ಕೈ ಎನ್ನುವಲ್ಲಿ ನಿಲ್ಲಿಸಿದೆ. "ಓದ್ರಿ" ಅಂದಳು ನಿಮ್ಮಮ್ಮ. ಓದಿದೆ. ಸುಬ್ಬಲಕ್ಷ್ಮಮ್ಮ ಅರ್ಧಕ್ಕೇ ಎದ್ದು, ಮೊರವನ್ನು ನಮ್ಮ ಜಗುಲಿಯ ಮೇಲೇ ಬಿಟ್ಟು ತನ್ನ ಮನೆಗೆ ಹೋದಳು. ಅದು ಇನ್ನೂ ಇಲ್ಲೇ ಇದೆ.

ಓದಿ ಮುಗಿಸಿದ ಮೇಲೆ ನಿಮ್ಮಮ್ಮ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಿಸಿದಳು. ಆಮೇಲೆ, "ಅವತ್ತು ಆ ಕೆಂಪು ಆಳೇಲಿ ಇದೇ ಇತ್ತೇನ್ರೀ?" ಅಂದಳು. ಇದೇ ಇತ್ತು ಅಂದೆ. "ಮತ್ತೆ ಪಾಠ ಅಂದ್ರಿ?" ಅಂದಳು.

ಮ್ಯಾನೇಜರಿಗೆ ಕಾಗದ ಬರೆದಿದ್ದೇನೆ. ಷರಾ ನನ್ನದು, ಅದು ಸುಳ್ಳು ಷರಾ, ಹುಡುಗಿ ಬರೆದದ್ದೆಲ್ಲ ನಿಜ ಎಂದು. ನನ್ನ ಜೀವಮಾನದಲ್ಲಿ ಬರೆದ ಅತ್ಯುತ್ತಮ ಇಂಗ್ಲಿಷ್ ಅದೇ ಇರಬೇಕು. ಅವರು ಅದನ್ನು ಕಸದ ಬುಟ್ಟಿಗೆ ಹಾಕುತ್ತಾರೆ ಎಂದೂ ಗೊತ್ತು. ವೆಂಕಟೇಶಪ್ಪನಿಗೂ ಎರಡು ಸಾಲು ಬರೆದೆ, ಇನ್ನು ಈ ಹೊಸ್ತಿಲು ತುಳಿಯಬೇಡ ಎಂದು. ಮೂರು ತಿಂಗಳ ಹಿಂದೆ ಬರೆಯಬೇಕಾದದ್ದು.

ಭಾಗ್ಯ, ನಿನ್ನ ಕಾಗದದಲ್ಲಿ ಒಂದು ವಾಕ್ಯ ತಪ್ಪಾಗಿದೆ. ತಿದ್ದದೆ ಇರಲಾರೆ. ಇದಕ್ಕೆ ಕೆಂಪು ಶಾಯಿ ಮುಟ್ಟಿಲ್ಲ.

'ನಾನು ಬರೆದದ್ದು ನಿಮಗೆ ಅರ್ಥವಾಗಲಿಲ್ಲ' ಎಂದು ಬರೆದಿದ್ದೀಯ. ಅರ್ಥವಾಗಿತ್ತು. ಎರಡನೇ ವಾಕ್ಯಕ್ಕೇ ಅರ್ಥವಾಗಿತ್ತು. ಮೂರನೆಯದನ್ನು ಓದಿದಾಗ ಯಾರೆಂದೂ ಗೊತ್ತಾಯಿತು. ಹಾಳೆಯನ್ನು ಹಿಡಿದುಕೊಂಡು ಶಾಲೆಯ ಹಿಂದಿನ ಹುಣಸೆಮರದ ಕೆಳಗೆ ಒಂದು ಪಿರಿಯಡ್ ಪೂರ್ತಿ ಕೂತಿದ್ದೆ. ನಿಜ ಎಂದು ಒಪ್ಪಿಕೊಂಡರೆ ನಾನು ಬಸ್ಸು ಹತ್ತಬೇಕಿತ್ತು, ಅವನ ಕೊರಳಪಟ್ಟಿ ಹಿಡಿಯಬೇಕಿತ್ತು, ಊರಿಗೆ ನಿನ್ನನ್ನು ಕರೆತಂದು ಕೇಳಿದವರಿಗೆಲ್ಲ ಉತ್ತರ ಹೇಳಬೇಕಿತ್ತು. ನಾನು ತಯಾರು ಮಾಡಿದ ಒಬ್ಬನೇ ಮನುಷ್ಯ ಇಂಥವನು ಎಂದು ಊರಿನ ಮುಂದೆ ಒಪ್ಪಿಕೊಳ್ಳಬೇಕಿತ್ತು. ಅದಕ್ಕೆ 'ಕಲ್ಪನೆ' ಎಂದು ಬರೆದೆ. ಹಾಗೆ ಬರೆದು ಹಾಳೆಯನ್ನು ಅವನಿಗೇ ಕಳಿಸಿದೆ. ಮೇಷ್ಟ್ರಿಗೆ ಗೊತ್ತಾಗಿದೆ ಎಂದು ಹೆದರಿ ತಾನಾಗಿಯೇ ಬಿಟ್ಟುಬಿಡುತ್ತಾನೆ, ನಾನು ಬಾಯಿ ಬಿಡುವ ಪ್ರಸಂಗವೇ ಬರುವುದಿಲ್ಲ ಎಂದುಕೊಂಡೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅನ್ನುತ್ತಾರಲ್ಲ, ಆ ಬುದ್ಧಿವಂತಿಕೆ. ಹಾವು ಇನ್ನೂ ಅಲ್ಲೇ ಇದೆ. ಕೋಲನ್ನು ನಾನು ಹಾವಿನ ಕೈಗೇ ಕೊಟ್ಟೆ.

ಅರ್ಥವಾಗದೆ ಮಾಡಿದ್ದಕ್ಕೆ ದೂರಬಾರದು ಎಂದು ಅಂಜಿನಮ್ಮ ಹೇಳಿದ್ದು ಸರಿ. ಆ ಮಾತು ನನಗೆ ಸಲ್ಲುವುದಿಲ್ಲ.

ಇದಿಷ್ಟನ್ನೂ ಬರೆದ ಮೇಲೆ ನಿಮ್ಮಮ್ಮನಿಗೆ ಓದಿ ಹೇಳಿದ್ದೇನೆ. ಅವಳು ಒಳಗೆ ಹೋಗಿ ಎರಡು ಸೀರೆ, ಎಳ್ಳುಂಡೆಯ ಡಬ್ಬ ಗಂಟು ಕಟ್ಟಿಕೊಂಡಳು. ರಾಜಗೋಪಾಲನಗರಕ್ಕೆ ಎಲ್ಲಿ ಬಸ್ಸು ಬದಲಾಯಿಸಬೇಕು ಎಂದು ಕೇಳಿದಳು, ಹೇಳಿದೆ. ನಾನೂ ಬರಲೇ ಅಂದೆ. ಬೇಡ ಅಂದಳು. ವಾಪಸು ಯಾವತ್ತು ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ. ಈ ಕಾಗದವನ್ನು ಅವಳ ಕೈಯಲ್ಲೇ ಕೊಟ್ಟು ಕಳಿಸುತ್ತಿದ್ದೇನೆ.

ಶ್ಯಾಮಣ್ಣ